ಗಿಡ್ಡ ಬೋರ್ಡು

ಹೇಳಿಬಿಡಲೇ, ಬೇಡವೇ? ಜಯನಗರದ ಅಂಗಡಿಯ ನೆಲದ ಮೇಲೆ ನಿಂತುಕೊಂಡು ನೀರಿನಲ್ಲಿ ಸಾಗುವ, ಹಲಗೆಯಂಥ ಗಿಡ್ಡ ಪ್ಯಾಡಲ್ ಬೋರ್ಡೊಂದನ್ನು ಹಾಕಿಸಿಕೊಂಡು, ಕೈಯಲ್ಲಿ ಹುಟ್ಟು ಹಿಡಿದು ಭಾವ ಅದರ ಮೇಲೆ ನಿಂತಿದ್ದರು. ಅಲೆಯ ಮೇಲೆ ಗಿಡ್ಡ ಬೋರ್ಡು ಚುರುಕಾಗಿ ತಿರುಗುತ್ತದೆ, ನಿಜ. ಆದರೆ ಅದು ಹಗುರ ಮೈಯವರಿಗೆ, ಕಲಿತು ಪಳಗಿದವರಿಗೆ. ಭಾವನ ತೂಕ ನೂರು ಕಿಲೋ ದಾಟಿತ್ತೆಂದು ಕೈಲಾಸನಿಗೆ ಗೊತ್ತಿತ್ತು.

"ನೋಡೋ, ಒಂಚೂರಾದ್ರೂ ಅಲ್ಲಾಡ್ತಿದೀನಾ?" ಭಾವ ಅಂಗಡಿಗೆಲ್ಲ ಕೇಳುವಂತೆ ನಕ್ಕರು. "ಮುಲ್ಕಿ ಕಡಲಲ್ಲಿ ಅಲೆ ಸವಾರಿ ಕಲ್ತು ಬಂದ ದೊಡ್ಡ ಮನುಷ್ಯ, ಬಾಯಿ ಬಿಡಪ್ಪ! ಆ ಬಾಗಿಲಿನಂಥ ಬೋರ್ಡು ನಿಮ್ಮಪ್ಪಂಗೆ ಕೊಡ್ಸು, ಮಲ್ಕೊಳ್ಳಿ. ಹೆದರಿಕೆ ನಿಮ್ಮನೇವ್ರ ರಕ್ತದಲ್ಲೇ ಇದೆ." ಬಿಲ್ಲು ಬರೆಯುವ ಹುಡುಗಿಯೂ ನಕ್ಕಳು.

ಅಕ್ಕ ನಗಲಿಲ್ಲ. ಗೋಡೆಗೊರಗಿಸಿದ್ದ ಉದ್ದನೆಯ, ಅಗಲದ ಬೋರ್ಡಿನ ಮೇಲೆ ಕೈಯಿಟ್ಟುಕೊಂಡೇ ತಮ್ಮನ ಕಡೆ ತಿರುಗಿದಳು. "ನೀನೇ ಹೇಳೋ ಕೈಲಾಸ. ಇವ್ರಿಗೆ ಈಜು ಬೇರೆ ಅಷ್ಟಕ್ಕಷ್ಟೆ. ಆ ಗಿಡ್ಡದು ತಡ್ಕೊಳತ್ತಾ?"

ಕೈಲಾಸ ಆ ಕೈಯನ್ನೇ ನೋಡಿದ. "ನಿಮ್ಮ ಅಳತೆ ಕೊಟ್ಟೇ ಮಾಡಿಸ್ದಂಗಿದೆ, ಭಾವ," ಅಂದ. ಅಕ್ಕ ನಿಟ್ಟುಸಿರಿಟ್ಟು ದೊಡ್ಡ ಬೋರ್ಡಿನಿಂದ ಕೈ ತೆಗೆದಳು. ನೀರಿನಲ್ಲಿ ಗಿಡ್ಡ ಬೋರ್ಡು ಭಾವನ ಭಾರ ಹೊರುವುದಿಲ್ಲವೆಂದು ಅವನು ಹೇಳಲೇ ಇಲ್ಲ.