ದಿಂಬಿನ ಕೆಳಗಿನ ಕಾಗದ

ಮಾಗಿಯ ಚಳಿಯಲ್ಲಿ, ಹೊತ್ತು ಮೂಡುವಾಗಲೇ, ಮಾಳಪ್ಪ ತನ್ನ ಅಪ್ಪ ಇಟ್ಟುಕೊಂಡಿದ್ದವಳ ಮಗ ದುಂಡಪ್ಪನ ಬಾಗಿಲಿಗೆ ಬಂದ. ದುಂಡಪ್ಪನ ಕರುಳಿನ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಗಡ್ಡೆಯ ಜೀನ್ ಪರೀಕ್ಷೆಯ ಕಾಗದ ದಿಂಬಿನ ಕೆಳಗಿತ್ತು.

“ಅಣ್ಣಾ, ಈ ರೋಗ ಅಪ್ಪನಿಂದ ಬಂದದ್ದಾದ್ರ ನನಗೂ ಬರತೈತಂತ. ಆ ಕಾಗದ ತೋರಸು.”

“ಅಪ್ಪನ ಹೆಣಕ್ಕ ಹೆಗಲು ಕೊಡಾಕ ಬಂದಾಗ, ಇಂವ ನಮ್ಮ ರಕ್ತ ಅಲ್ಲಂತ ದೂಡಿದ್ದಿ. ಈಗ ಯಾರ ಅಪ್ಪನ ಮಾತೋ?”

“ತಪ್ಪಾತು.”

“ನನಗಲ್ಲ, ಊರ ಹಿರ್ಯಾರ ಮುಂದ ಹೇಳು.”

ಮಧ್ಯಾಹ್ನದೊಳಗೆ ಮಾಳಪ್ಪ ಹಿರಿಯರನ್ನು ಕರೆತಂದು, “ಇಂವ ನಮ್ಮಪ್ಪನ ಮಗ, ನನ್ನ ಅಣ್ಣ” ಎಂದ. ದುಂಡಪ್ಪ ಕಾಗದ ಕೊಟ್ಟ.

ಈ ದೋಷ ವಂಶದಿಂದ ಬಂದದ್ದಲ್ಲ, ಒಡಹುಟ್ಟಿದವರಿಗೆ ಭಯವಿಲ್ಲ ಎಂದು ಅದರಲ್ಲಿತ್ತು. ದುಂಡಪ್ಪನಿಗೆ ಅದು ತಿಂಗಳ ಹಿಂದೆಯೇ ಗೊತ್ತಿತ್ತು. ಮುಂದಿನ ಗುರುವಾರ ಅವನು ತೀರಿಹೋದಾಗ, ಹಿರಿಯರೆಲ್ಲ ನೋಡುತ್ತಿದ್ದಂತೆ, ಮಾಳಪ್ಪ ಮೊದಲ ಹೆಗಲು ಕೊಟ್ಟ.