ಕೊಳ್ಳುವವರಿಗೆ ತೋರಿಸಿದ ಹಡಗು

ಹಡಗು ಉಳಿಸಿಕೊಳ್ಳಲು ತಗುಲಿದ ಖರ್ಚು ಬಹಳ ಕಡಿಮೆ: ಡೀಸೆಲ್ ಪೈಪಿಗೆ ತುರುಕಿದ ಒಂದು ಹಿಡಿ ಚಿಂದಿ, ಸಡಿಲಿಸಿದ ನಾಲ್ಕು ಬೋಲ್ಟು, ತಳದ ನೀರೆತ್ತುವ ಪಂಪಿನಿಂದ ಕಿತ್ತ ಒಂದು ವಯರು. ತಂಗಿ ಕೈ ಒರೆಸಿಕೊಂಡು ಎಂಜಿನ್ ಕೋಣೆಯಿಂದ ಮೇಲೆ ಬಂದಳು.

ಮೇಲೆ ಅಣ್ಣ ಇಸ್ತ್ರಿ ಅಂಗಿ ತೊಟ್ಟು ಇಬ್ಬರು ಗಿರಾಕಿಗಳಿಗೆ ಹಲ್ಲು ಕಿರಿಯುತ್ತಿದ್ದ. ಅಪ್ಪ ಬಿಟ್ಟುಹೋದ ಪ್ರವಾಸಿ ಹಡಗಿನ ಕಾಗದಪತ್ರ ಅವನ ಪಾಲಿಗೆ ಬಂದಿತ್ತು; ಹದಿನೆಂಟು ವರ್ಷದ ಎಂಜಿನ್ ಮಸಿ ತಂಗಿಯ ಪಾಲಿಗೆ. ನ್ಯಾಯವಾದ ಹಂಚಿಕೆಯೇ. ಹಡಗು ಮಾರಿಹೋದರೆ ಅವಳಿಗೆ ಆ ಮಸಿಯೂ ಇಲ್ಲ.

"ನೋಡಮ್ಮ, ಕೊಳ್ಳೋರು ಬಂದಿದಾರೆ," ಅಂದ ಅಣ್ಣ. "ನಿನ್ನೆಯಿಂದ ಹೇಳ್ತಾನೇ ಇದೀನಿ, ಇವತ್ತೊಂದು ದಿನ ಎಂಜಿನ್ ಚೆನ್ನಾಗಿ ಓಡಬೇಕು. ನನ್ನ ಮಾನ ನಿನ್ನ ಕೈಲಿದೆ."

"ಅಂಥ ವಸ್ತು ನನ್ನ ಕೈಗೆ ಕೊಡಬೇಡ ಅಣ್ಣ, ಗ್ರೀಸ್ ಆಗುತ್ತೆ."

ಚಿಕ್ಕಂದಿನಿಂದಲೂ ಹೀಗೇ. ಅಣ್ಣ ಕೂತ್ಕೋ ಅಂದರೆ ತಂಗಿ ನಿಲ್ಲುತ್ತಿದ್ದಳು; ಉಣ್ಣು ಅಂದರೆ ಉಪವಾಸ.

ನಡುನದಿಗೆ ಬರುವಷ್ಟರಲ್ಲಿ ಹಡಗು ಕೆಮ್ಮತೊಡಗಿತು. ಕಪ್ಪು ಹೊಗೆ ದಪ್ಪ ಗಿರಾಕಿಯ ಬಿಳಿ ಅಂಗಿಗೆ ಬಣ್ಣ ಬಳಿಯಿತು. ಕೆಳಗಿನ ಅಂತಸ್ತಿನಲ್ಲಿ ಪಾದ ಮುಳುಗುವಷ್ಟು ನೀರು. ಕನ್ನಡಕದ ಗಿರಾಕಿ ಒಂದೊಂದನ್ನೂ ಡೈರಿಯಲ್ಲಿ ಬರೆದುಕೊಂಡ. ದಪ್ಪನವನು ಎಷ್ಟು ಜನ ಪ್ರಯಾಣಿಕರು ಹಿಡಿಸುತ್ತಾರೆಂದು ಕೇಳಲೇ ಇಲ್ಲ. ಹಡಗಿನ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದ. ಹೆದರಿದ್ದಾನೆ ಎಂದು ತಂಗಿ ಒಳಗೊಳಗೇ ಹಿಗ್ಗಿದಳು.

ಕೊನೆಗೆ ಎಂಜಿನ್ ನಿಂತೇ ಹೋಯಿತು. ಮರಳು ಸಾಗಿಸುವ ದೋಣಿಯೊಂದು ಹಗ್ಗ ಕಟ್ಟಿ, ಮೊಂಡ ಎಮ್ಮೆಯನ್ನು ಎಳೆದಂತೆ ಅದನ್ನು ದಡಕ್ಕೆ ಎಳೆದು ತಂದಿತು.

"ಕ್ಷಮಿಸಿ," ತಂಗಿ ತಲೆ ತಗ್ಗಿಸಿದಳು. "ಇದರ ಕತೆ ದಿನಾ ಇಷ್ಟೇ. ರಿಪೇರಿ ಮಾಡಿಸಿದ್ರೂ ಉಪಯೋಗ ಇಲ್ಲ."

"ಇದನ್ನೇ ಬರೆದು ಸಹಿ ಹಾಕ್ಕೊಡ್ತೀರಾ?" ಕೇಳಿದ ಕನ್ನಡಕದವನು.

ಸಂತೋಷವಾಗಿ ಹಾಕಿಕೊಟ್ಟಳು.

ದಪ್ಪನವನು ಅಣ್ಣನ ಕೈ ಕುಲುಕಿದ. "ಇನ್ನೇನೂ ತೊಂದರೆ ಇಲ್ಲ. ಓಡೋ ಹಡಗು ಗುಜರಿಗೆ ಒಡೆಯೋಕೆ ಪರ್ಮಿಟ್ ಕೊಡಲ್ಲ ಅಂತಿದ್ರು. ಈಗ ಬಂದರು ಕಚೇರಿ ಸಾಹೇಬರೇ ಕಣ್ಣಾರೆ ನೋಡಿದ್ರಲ್ಲ," ಎಂದು ಕನ್ನಡಕದವನತ್ತ ಕೈ ತೋರಿಸಿದ. "ನಾಳೆ ಗ್ಯಾಸ್ ಕಟರ್ ತರ್ತೀನಿ. ಕಬ್ಬಿಣ ಗಟ್ಟಿಯಾಗಿದೆ."

ತಂಗಿ ಅಣ್ಣನ ಮುಖ ನೋಡಿದಳು. "ಮತ್ತೆ ಚೆನ್ನಾಗಿ ಓಡಬೇಕು ಅಂತ ನನಗೆ ಯಾಕಂದೆ?"

"ಹಾಳು ಮಾಡು ಅಂದಿದ್ರೆ," ಅಂದ ಅಣ್ಣ, "ನೀನು ಓಡಿಸಿಬಿಡ್ತಿದ್ದೆಯಲ್ಲಮ್ಮ."

ಅಣ್ಣನಿಗೆ ಹಳೆ ಕಬ್ಬಿಣದ ಬೆಲೆ ಸಿಕ್ಕಿತು. ತಂಗಿಯ ಹಡಗು ಹೋಯಿತು.