ಹಕ್ಕಿ ಹೆದರಿಸುವ ಕೆಲಸ

ಪದ್ಮಾವತಮ್ಮ ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಢಣಢಣ ಬಡಿದಳು. ಪಂಜರದ ಗುಬ್ಬಿಯಂಥ ರಾಟವಾಳ ಹಕ್ಕಿಗಳು ಬೆದರಿ ಚೆಲ್ಲಾಪಿಲ್ಲಿ ಆಗಬೇಕಿತ್ತು. ಎಲ್ಲಿಯ ಬೆದರಿಕೆ! ಅಷ್ಟೂ ಚಿಲಿಪಿಲಿ ಎನ್ನುತ್ತ ಪಂಜರದ ಬಾಗಿಲಿಗೇ ನುಗ್ಗಿದವು. ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ನವಣೆ ಸುರಿದಳು. ಕಾಲೇಜಿನಿಂದ ಬೇಗ ಬಂದು ಬಾಗಿಲಲ್ಲೇ ನಿಂತುಬಿಟ್ಟಿದ್ದ ಮಗಳು ಗಂಗಾದೇವಿಗೆ, ವರ್ಷದಿಂದ ತಲೆ ತಿನ್ನುತ್ತಿದ್ದ ಒಗಟು ಅಲ್ಲಿಗೆ ಬಿಡಿಸಿದಂತಾಯಿತು.

ಗಂಗಾದೇವಿ ಹಿಂದೂಪುರದಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಭಯವಾದಾಗ ರಕ್ತದಲ್ಲಿ ಏರುವ ಹಾರ್ಮೋನು ರೋಗವನ್ನೂ ಏರಿಸುತ್ತದೆಯೇ ಎಂಬುದು ಅವಳ ಪಿಎಚ್.ಡಿ. ಪ್ರಶ್ನೆ. ಹಕ್ಕಿಗಳಿಗೆ ಬರುವ ಸಿಡುಬು ತಗುಲಿದ್ದ ರಾಟವಾಳಗಳನ್ನು ಕಂಬದೂರಿನ ಹೊಲಗಳಲ್ಲಿ ಬಲೆ ಹಾಕಿ ಹಿಡಿದು, ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. ಒಂದು ಪಂಜರ ಬೀದಿಯ ಕೊನೆಯ ಚಿಕ್ಕಪ್ಪನ ಮನೆಯಲ್ಲಿ. ಅದರ ತಂಟೆಗೆ ಯಾರೂ ಹೋಗುವಂತಿಲ್ಲ. ಇನ್ನೊಂದು ಇಲ್ಲಿ, ಮಗ್ಗ ನಿಂತುಹೋದ ಹಿಂದಿನ ಕೋಣೆಯಲ್ಲಿ. ಇದನ್ನು ಹಗಲೆಲ್ಲ ಆಗಾಗ ಹೆದರಿಸಬೇಕು. ಮಗಳು ಪಾಠಕ್ಕೆ ಹೋದಾಗ ಆ ಕೆಲಸ ತಾಯಿಯದು.

ಫಲಿತಾಂಶ ಮಾತ್ರ ತಲೆಕೆಳಗಾಗಿತ್ತು. ಹೆದರಬೇಕಾದವುಗಳ ರಕ್ತದಲ್ಲಿ ಭಯದ ಸುಳಿವಿಲ್ಲ, ಕಣ್ಣಿನ ಸುತ್ತಲ ಗುಳ್ಳೆ ಒಣಗಿ ದುಂಡಗಾಗಿದ್ದವು. ನೆಮ್ಮದಿಯಾಗಿದ್ದವೇ ಸೊರಗಿದ್ದವು. "ಪಂಜರದ ಚೀಟಿ ಅದಲುಬದಲಾಗಿರಬೇಕು. ತಿರುಗಿಸಿ ಬರೆದರಾಯಿತು, ಡಾಕ್ಟರ್ ಆಗಿಬಿಡ್ತೀರಿ" ಎಂದಿದ್ದರು ಪಿಎಚ್.ಡಿ. ಗೈಡು, ಅವಳು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ. ಗಂಗಾದೇವಿ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ.

"ಅಮ್ಮಾ, ಏನಿದು?"

"ನೀನು ಹೇಳ್ದಂಗೇ ಬಡಿದ್ನಲ್ಲ ಕಣಮ್ಮ!"

"ಕಾಳು ಯಾಕೆ ಹಾಕ್ದೆ?"

"ಅಯ್ಯೋ ಪಾಪಂ, ಬರೀ ತಟ್ಟೆ ಬಡಿದು ಬಾಯಿಗೇನೂ ಹಾಕ್ದೆ ಇರಾಕಾಯ್ತದಾ? ಅದೂ ಗುಳ್ಳೆ ಎದ್ದು ಅಮ್ಮೋರು ಆಗಿರೋವು. ಅಮ್ಮೋರು ಬಂದ ಮನೇಲಿ ಜೋರಾಗಿ ಮಾತೂ ಆಡಲ್ಲ. ನೀನು ನೋಡಿದ್ರೆ ಬಡಿ ಅಂತೀಯ!"

ಗಂಗಾದೇವಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. "ಒಂದು ವರ್ಷ ಮಣ್ಣುಪಾಲಾಗೋಯ್ತು ಅಮ್ಮಾ. ಇವನ್ನ ಬಿಟ್ಬುಟ್ಟು ಬ್ಯಾರೆ ಹಕ್ಕಿ ತತ್ತೀನಿ. ಮೊದ್ಲಿಂದ ಮಾಡ್ತೀನಿ. ಹೆದರ್ಸಾಕೆ ಯಾರನ್ನಾದ್ರೂ ಕರ್ಕಂಡು ಬತ್ತೀನಿ."

ಪದ್ಮಾವತಮ್ಮ ಮಗಳ ಮುಖವನ್ನೇ ನೋಡಿದಳು. ಮದುವೆ ಮಾಡಿ ಕಳಿಸು ಎಂದವರ ಬಾಯನ್ನೆಲ್ಲ ಮುಚ್ಚಿಸಿ ಇವಳನ್ನು ಓದಿಸಿದವಳು ಆಕೆಯೇ. "ಯಾರೂ ಬ್ಯಾಡ. ನಾನೇ ಬಡೀತೀನಿ."

"ನಿನ್ನ ಕೈಲಾಗಲ್ಲ."

"ಆಯ್ತದೆ."

ಹೊಸ ಹಕ್ಕಿಗಳು ಬಂದ ಮೊದಲ ಭಾನುವಾರ ಗಂಗಾದೇವಿ ಪಕ್ಕದಲ್ಲೇ ನಿಂತು ನೋಡಿದಳು. ತಟ್ಟೆ ಸದ್ದಾಗುತ್ತಲೇ ಅವು ತಂತಿಗೆ ಬಡಿದುಕೊಂಡು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದವು. ಕೊಕ್ಕು ತೆರೆದು ಏದುಸಿರು ಬಿಟ್ಟವು. ತಾಯಿಯ ಕೈ ಸೆರಗಿನ ಗಂಟಿಗೆ ಹೋಗಲಿಲ್ಲ. ಇನ್ನೊಮ್ಮೆ ಬಡಿದು, ತಟ್ಟೆ ಕೆಳಗಿಟ್ಟು, ಆಕೆ ಅಡುಗೆಮನೆಗೆ ನಡೆದಳು. ಗಂಗಾದೇವಿಗೆ ಈ ಸಲ ಲೆಕ್ಕ ಸರಿಬರುತ್ತದೆಂದು ಧೈರ್ಯ ಬಂತು.

ಮಧ್ಯಾಹ್ನ ಪದ್ಮಾವತಮ್ಮ ಮಗಳಿಗೆ ಮುದ್ದೆ, ಸಾರು ಬಡಿಸಿ ಗೋಡೆಗೊರಗಿ ಕೂತಳು.

"ನಿನಗೆ?"

"ನಂಗೆ ಬ್ಯಾಡ."

"ಯಾಕೆ, ಹುಷಾರಿಲ್ವಾ?"

"ಚೆನ್ನಾಗೇ ಇದ್ದೀನಿ. ಬಾಯಿಲ್ಲದ ಜೀವಕ್ಕೆ ಬರೀ ತಟ್ಟೆ ಬಡಿದಿದೀನಿ, ಅಮ್ಮೋರು ಮೆಚ್ತಾಳಾ? ನಿನ್ನ ಓದು ಮುಗಿಯೋಗಂಟ ಮಧ್ಯಾಹ್ನ ಉಣ್ಣಲ್ಲ ಅಂತ ಹರಕೆ ಹೇಳ್ಕಂಡಿದ್ದೀನಿ."

ಗಂಗಾದೇವಿ ತುತ್ತನ್ನು ಹಾಗೇ ಕೆಳಗಿಟ್ಟಳು. "ಹಂಗಾದ್ರೆ ನಂಗೆ ಈ ಓದೇ ಬ್ಯಾಡಮ್ಮಾ."

"ಹುಚ್ಚು ಮಾತಾಡ್ಬ್ಯಾಡ, ಉಣ್ಣು" ಎಂದಳು ಪದ್ಮಾವತಮ್ಮ, ಮತ್ತೆ ತಟ್ಟೆ ಬಡಿಯಲು ಸೌಟು ಹುಡುಕಿ ಮೇಲೇಳುತ್ತಾ. "ಉಂಡು ಬೇಗ ಬರ್ದು ಮುಗಿಸು. ನಂಗೂ ಹಸಿವಾಯ್ತದೆ."